ಅಪ್‌ಡೇಟ್: ಮಗಳ ಗೂಡುದೀಪ ಕೊನೆಗೂ ಹೊತ್ತಿತು

ಹೋದ ವಾರ ಕೇಳಿದ್ದೆನಲ್ಲ, ಮಗಳು ಬಣ್ಣದ ಕಾಗದದಲ್ಲಿ ಮಾಡಿದ ಗೂಡುದೀಪಕ್ಕೆ ತಾಮ್ರದ ಟೇಪು ಅಂಟಿಸಿ, ಒಂದೇ ಬಟನ್ ಸೆಲ್ಲಿಗೆ ಕೆಂಪು, ನೀಲಿ ಎಲ್‌ಇಡಿ ಎರಡನ್ನೂ ಜೋಡಿಸಿದರೆ ಕೆಂಪು ಮಾತ್ರ ಉರಿಯುತ್ತೆ ಅಂತ. ಈಗ ಸರಿಹೋಯ್ತು.

ನೀಲಿ ಎಲ್‌ಇಡಿಯ ಎರಡು ತಂತಿ ಕಾಲುಗಳನ್ನು ಅದಲುಬದಲು ಮಾಡಿ ನೋಡಿದೆ, ಉಪಯೋಗವಾಗಲಿಲ್ಲ. ಹೊಸ ಸೆಲ್ ಹಾಕಿದೆ, ಅದೇ ಕಥೆ. "ಎರಡು ಬಣ್ಣ ಒಂದೇ ಸೆಲ್ಲಿಗೆ ಬೇಡ" ಅಂದವರೇ ಗೆದ್ದರು! ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ಅಕ್ಕಪಕ್ಕ ಜೋಡಿಸಿದರೆ ಕೆಂಪೇ ಕರೆಂಟೆಲ್ಲ ಎಳೆದುಕೊಂಡು ವೋಲ್ಟೇಜ್ ಇಳಿಸಿಬಿಡುತ್ತೆ. ನೀಲಿಗೆ ಬೇರೆ ಬಟನ್ ಸೆಲ್ (ಸಿಆರ್ 2032) ಕೊಟ್ಟೆವು, ಎರಡೂ ಉರಿದವು.

ಆದರೂ ಮಿಣಮಿಣ ಅನ್ನುತ್ತಿತ್ತು. ಮೂಲೆಗಳಲ್ಲಿ ಟೇಪು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ್ದೆವು. ನಮ್ಮ ಟೇಪಿನ ಅಂಟಿನಲ್ಲಿ ಕರೆಂಟ್ ಸರಿಯಾಗಿ ಹರಿಯೋದೇ ಇಲ್ಲ. ಕತ್ತರಿಸದೆ ಮಡಚಿ ತಿರುಗಿಸಿದ ಮೇಲೆ ಆ ಮಿಣಮಿಣ ನಿಂತಿತು. ಇದನ್ನು ಕಂಡುಹಿಡಿದದ್ದು ಮಗಳು, ನಾನಲ್ಲ.

ಹಾಂ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸೆಲ್ ಕೈಗೆ ಸಿಗದ ಹಾಗೆ ಭದ್ರ ಮಾಡಿ. ನುಂಗಿದ್ದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು.

ಈಗ ಹಸಿರು ದೀಪವೂ ಬೇಕಂತೆ.