ಸಹಾಯ ಬೇಕು: ಕ್ಲಿಪ್ ಹಾಕಿಸಿದ ಮಗಳ ಹಲ್ಲಿನ ಬೇರು ಸವೆದಿದೆ

ನಮಸ್ಕಾರ, ಗಂಗಾವತಿಯಿಂದ ಬರೆಯುತ್ತಿದ್ದೇನೆ. ಮಗಳಿಗೆ 16 ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಿ 14 ತಿಂಗಳಾಯ್ತು. ಮೊನ್ನೆ ಎಕ್ಸ್‌ರೇಯಲ್ಲಿ ಮೇಲಿನ ಎರಡು ಮುಂಹಲ್ಲಿನ ಬೇರಿನ ತುದಿ ಮೊಂಡಾಗಿ ಕಂಡಿತು, ಬರೆದು ಬರೆದು ಸವೆದ ಬಳಪದ ಹಾಗೆ. ನೋವಿಲ್ಲ, ಅಲುಗಾಟವೂ ಇಲ್ಲ. ಅದಕ್ಕೇ ಗೊತ್ತೇ ಆಗಲಿಲ್ಲ.

ಡಾಕ್ಟರ್ ವಿವರಿಸಿದರು. ಒತ್ತಡ ಜಾಸ್ತಿ ಬಿದ್ದ ಕಡೆ ಬೇರಿನ ಸುತ್ತಲಿನ ಪೊರೆಗೆ ರಕ್ತ ಹರಿಯುವುದು ನಿಂತು ಅಲ್ಲಿನ ಜೀವಕೋಶಗಳು ಸಾಯುತ್ತವೆ. ಆ ಸತ್ತ ಭಾಗವನ್ನು ತೆಗೆಯಲು ಬರುವ ಕೋಶಗಳು ಬೇರಿನ ಮೇಲಿನ ಸಿಮೆಂಟಮ್ ಪದರವನ್ನೂ ಕೆರೆದುಬಿಡುತ್ತವೆ. ಕಸ ಗುಡಿಸಲು ಬಂದವರು ಗೋಡೆಯ ಸುಣ್ಣ ಕಿತ್ತ ಹಾಗೆ! ಸಣ್ಣ ಸವೆತ ಬಹಳ ಜನರಿಗೆ ಆಗುತ್ತದಂತೆ, ಕೆಲವರಿಗೆ ವಂಶದಿಂದಲೇ ಜಾಸ್ತಿ. ಹೋದ ಉದ್ದ ಮತ್ತೆ ಬೆಳೆಯಲ್ಲ, ಆದರೆ ಒತ್ತಡ ನಿಂತರೆ ಸವೆತವೂ ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕೇ 3 ತಿಂಗಳು ತಂತಿ ಬಿಗಿ ಮಾಡದೆ ಬಿಡೋಣ ಅಂದಿದ್ದಾರೆ.

ಮಗಳದ್ದು ಒಂದೇ ಹಠ, ಅರ್ಧಕ್ಕೆ ಬಿಚ್ಚಿಸಬೇಡ ಅಂತ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಯಾರ ಮಕ್ಕಳಿಗಾದರೂ ಹೀಗಾಗಿತ್ತಾ? ಬಿಡುವಿನ ನಂತರ ಮುಂದುವರಿಸಿದಿರಾ, ನಿಲ್ಲಿಸಿದಿರಾ? ಇನ್ನೊಬ್ಬ ತಜ್ಞರಿಗೂ ತೋರಿಸಬೇಕು, ಎಲ್ಲಿಗೆ ಹೋಗಲಿ? ಸುಮ್ನೆ ಹೆದರಿಸುವ ವಿಡಿಯೊ ಮಾತ್ರ ಕಳಿಸಬೇಡಿ, ಅವು ಆಗಲೇ ಬೇಕಾದಷ್ಟು ಬಂದಿವೆ.