ತುದಿ ಚಿವುಟಿದ ಬಟಾಣಿ: ಆಕ್ಸಿನ್ ಅಳೆಯಲೇ, ಸಕ್ಕರೆಯ ಬೆನ್ನು ಹತ್ತಲೇ?

ಪ್ರಶ್ನೆ: ತುದಿ ಚಿವುಟಿದ ಬಟಾಣಿಯಲ್ಲಿ ಎಲೆಕಂಕುಳಿನ ಮೊಗ್ಗು ಚಿಗುರುವ ಬಗ್ಗೆ ಸಂಶೋಧನೆ ಆರಂಭಿಸಲಿದ್ದೇನೆ. ಇಡೀ ಗಿಡವನ್ನು ಬಳಸಲೇ, ಒಂದೇ ಗೆಣ್ಣಿನ ತುಂಡುಗಳನ್ನೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಗುಲಾಬಿಯ ಗೆಣ್ಣುಗಳನ್ನು ಸುಕ್ರೋಸ್ ಎಂಬ ಸಕ್ಕರೆ ಬೆರೆಸಿದ ಅಗರ್‌ನಲ್ಲಿ ನೆಟ್ಟೆ. ಮೊದಲ ಸಲ 140 ತುಂಡುಗಳಲ್ಲಿ 93ಕ್ಕೆ ಬೂಷ್ಟು ಹಿಡಿಯಿತು, ಎರಡನೆಯ ಸಲ 61ಕ್ಕೆ. ಮೂರನೆಯ ಸಲ ಎಲ್ಲವೂ ಸರಿಹೋಯಿತು ಎನ್ನುವಾಗ, ಮ್ಯಾನಿಟಾಲ್ (ಸುಕ್ರೋಸ್‌ನಂತೆ ನೀರನ್ನು ಸೆಳೆದರೂ ಗಿಡಕ್ಕೆ ಆಹಾರವಾಗದ ವಸ್ತು) ಇಟ್ಟು ಹೋಲಿಸದ ಕಾರಣ ಇದು ಬರೀ ಆಸ್ಮೋಸಿಸ್‌ನ ಪರಿಣಾಮವಿರಬಹುದೆಂದು ಪರಿಶೀಲಕರು ಲೇಖನವನ್ನು ಹಿಂದಿರುಗಿಸಿದರು. ಐದು ತಿಂಗಳ ಕೆಲಸವನ್ನು ಮತ್ತೆ ಮಾಡಿದೆ. ಮ್ಯಾನಿಟಾಲ್‌ನಲ್ಲಿ ಮೊಗ್ಗುಗಳು ಮಲಗಿಯೇ ಇದ್ದವು, ಸುಕ್ರೋಸ್‌ನಲ್ಲಿ ಚಿಗುರಿದವು. ಗೆಣ್ಣಿನ ತುಂಡನ್ನೇ ಆರಿಸಿದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ.

ಉತ್ತರ 2: ಕತ್ತರಿಸಿದ ತುಂಡು ಗಿಡವಲ್ಲ. 1933ರಲ್ಲಿ ಸಸ್ಯವಿಜ್ಞಾನಿಗಳಾದ ಥೀಮನ್ ಮತ್ತು ಸ್ಕೂಗ್ ತೋರಿಸಿಕೊಟ್ಟ ಆಕ್ಸಿನ್ ಹಾದಿಯನ್ನು (ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆಯುತ್ತದೆ ಎಂಬುದನ್ನು) ನಂಬಿ ನಾನು ಇಡೀ ಗಿಡಗಳ ಮೇಲೆ ಎರಡು ವರ್ಷ ಕಳೆದೆ. ಆಕ್ಸಿನ್ ಕಾಂಡದಲ್ಲಿ ಗಂಟೆಗೆ ಸುಮಾರು 1 ಸೆಂ.ಮೀ. ಮಾತ್ರ ಇಳಿಯುತ್ತದೆ; ಆದರೆ ತುದಿಯಿಂದ ಬಲುದೂರದ ಮೊಗ್ಗುಗಳು, ಅಲ್ಲಿನ ಆಕ್ಸಿನ್ ತಗ್ಗುವ ಮೊದಲೇ, ಕೆಲವೇ ಗಂಟೆಗಳಲ್ಲಿ ಬೆಳೆಯತೊಡಗಿದವು. ನನ್ನ ಅಳತೆಯೇ ತಪ್ಪೆಂದುಕೊಂಡು ಹನ್ನೊಂದು ಸಲ ಮರುಮಾಡಿದೆ. 2014ರಲ್ಲಿ ಬೇರೊಂದು ತಂಡ, ತುದಿ ಕಳೆದುಕೊಂಡ ಗಿಡದಲ್ಲಿ ಸಕ್ಕರೆ ಬೇಗನೆ ಮೊಗ್ಗುಗಳತ್ತ ಹರಿಯುವುದೇ ಮೊದಲ ಸೂಚನೆಯೆಂದು ಪ್ರಕಟಿಸಿತು. ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲೇ ಇತ್ತು, ನಾನು ಓದಲಿಲ್ಲ. ಆ ನೋವು ಇನ್ನೂ ಆರಿಲ್ಲ.

ಉತ್ತರ 3: ನೀವಿಬ್ಬರೂ ಸಕ್ಕರೆಯನ್ನು ಅನ್ನವೆಂದೇ ಮಾತಾಡುತ್ತಿದ್ದೀರಿ, ಅದು ಸಂಕೇತವೂ ಹೌದು. ಗಿಡಕ್ಕೆ ಅರಗದ ಪ್ಯಾಲಟಿನೋಸ್ ಎಂಬ ಸಕ್ಕರೆ ಕೂಡ ಗುಲಾಬಿಯ ಮೊಗ್ಗನ್ನು ಎಬ್ಬಿಸುತ್ತದೆ. ನಾನು ಅಳೆದದ್ದು ಟ್ರೆಹಲೋಸ್-6-ಫಾಸ್ಫೇಟ್. ಸುಕ್ರೋಸ್ ಹೆಚ್ಚಿದಾಗ ಏರುವ ಅಣು. ಅದು ಎಷ್ಟು ಅತ್ಯಲ್ಪವೆಂದರೆ ಒಂದು ಮಾದರಿಗೆ ನೂರಾರು ಮೊಗ್ಗುಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಕೂಡಲೇ ದ್ರವ ಸಾರಜನಕಕ್ಕೆ ಹಾಕಬೇಕು. ಒಂದು ರಾತ್ರಿ ಶೀತಕಪಾಟು ಕೆಟ್ಟು ಏಳು ವಾರಗಳ ಮೊಗ್ಗುಗಳು ಕರಗಿಹೋದವು.

ಉತ್ತರ 1: ಪ್ಯಾಲಟಿನೋಸ್ ವಿಷಯ ಗುಲಾಬಿಯವರಿಗೆ ಕಲಿಸಬೇಡಿ. ಬಿಆರ್‌ಸಿ1 ಜೀನು ಮೊಗ್ಗನ್ನು ತಡೆಹಿಡಿಯುವುದನ್ನೂ, ಸುಕ್ರೋಸ್ ಅದನ್ನು ಅಡಗಿಸುವುದನ್ನೂ ನನ್ನ ತುಂಡುಗಳಲ್ಲೇ ನೋಡಿದ್ದೇನೆ.

ಉತ್ತರ 2: ಹಾಗೆಂದು ಆಕ್ಸಿನ್ ಸತ್ತಿತೆನ್ನಬೇಡಿ. ಮೊಗ್ಗು ಮಿಸುಕುವುದು ಬೇರೆ, ಕೊಂಬೆಯಾಗಿ ನಿಲ್ಲುವುದು ಬೇರೆ. ಎರಡನೆಯದನ್ನು ನಿರ್ಧರಿಸುವುದರಲ್ಲಿ ಆಕ್ಸಿನ್, ಸ್ಟ್ರೈಗೋಲ್ಯಾಕ್ಟೋನ್, ಸೈಟೋಕೈನಿನ್ ಎಂಬ ಹಾರ್ಮೋನುಗಳೆಲ್ಲದರ ಪಾತ್ರವೂ ಇದೆ. ಅಂದಹಾಗೆ, ತಾವು ಎಷ್ಟು ಉದ್ದವಾದಾಗ ‘ಚಿಗುರಿತು’ ಎಂದು ಬರೆದುಕೊಂಡಿರಿ?

ಉತ್ತರ 1: ಒಂದು ಮಿಲಿಮೀಟರ್.

ಉತ್ತರ 2: ಊದಿಕೊಂಡ ಮೊಗ್ಗೂ ಅಷ್ಟಾಗುತ್ತದೆ. ಎಲೆ ಬಿಚ್ಚಿದ ಮೇಲೆಯೇ ಎಣಿಸಬೇಕು.

ಉತ್ತರ 3: ಎಲೆ ಬಿಚ್ಚುವವರೆಗೆ ಕಾದರೆ ಮೊದಲ ಕೆಲವು ಗಂಟೆಗಳ ಸಂಕೇತವೇ ಕಳೆದುಹೋಗುತ್ತದೆ, ಸ್ವಾಮಿ. ತಮ್ಮ ಎರಡು ವರ್ಷ ಹೋದದ್ದೂ ಹೀಗೆಯೇ.