ಹಿಮ, ಮಂಜು, ಮಂಜುಗಡ್ಡೆ: ಹೊರಗ್ರಹಗಳ ಕುರಿತು ಬರೆಯುವಾಗ ಯಾವುದು ಸರಿ?

ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳನ್ನೂ ಅವುಗಳ ಚಂದ್ರರನ್ನೂ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಕರಡನ್ನು ತಿದ್ದುವಾಗ, ಒಂದೇ ಪುಟದಲ್ಲಿ ‘ಹಿಮ’ ಎಂಬ ಪದವನ್ನು ಒಂದಕ್ಕೊಂದು ಹೋಲದ ನಾಲ್ಕು ವಸ್ತುಗಳಿಗೆ ಬಳಸಿದ್ದೇನೆಂಬುದು ಗಮನಕ್ಕೆ ಬಂತು. ಗುರುವಿನ ಚಂದ್ರ ಯುರೋಪಾದ ಸಾಗರವನ್ನು ಮುಚ್ಚಿರುವ ಗಟ್ಟಿ ಹೊರಪದರ, ಶನಿಯ ಚಂದ್ರ ಎನ್ಸೆಲಾಡಸ್ಸಿನ ಬಿರುಕುಗಳಿಂದ ಮೇಲೆ ಚಿಮ್ಮಿ ಮತ್ತೆ ನೆಲಕ್ಕೆ ಉದುರುವ ಸಣ್ಣ ಕಣಗಳು, ನೆಪ್ಚೂನಿನ ಚಂದ್ರ ಟ್ರೈಟನ್ ಮೇಲೆ ಹರಡಿರುವ ಗಟ್ಟಿಯಾದ ಸಾರಜನಕ, ಯುರೇನಸ್ಸಿನ ಒಡಲಲ್ಲಿರುವ ಸಾವಿರಾರು ಡಿಗ್ರಿ ಬಿಸಿಯ ದಟ್ಟ ವಸ್ತು, ಇವೆಲ್ಲಕ್ಕೂ ನಾನು ಕೊಟ್ಟಿದ್ದ ಹೆಸರು ಒಂದೇ. ಮೊದಲ ಮೂರನ್ನು ಓದುಗರು ಹೇಗೋ ಸಂದರ್ಭದಿಂದ ಬಿಡಿಸಿಕೊಂಡಾರು. ನಾಲ್ಕನೆಯದನ್ನು ಓದಿದವರು ಖಂಡಿತವಾಗಿ ತಪ್ಪು ತಿಳಿಯುತ್ತಾರೆ. ಆದ್ದರಿಂದ ಈ ಪದಗಳ ಅರ್ಥವ್ಯಾಪ್ತಿಯನ್ನು ನನಗೆ ತಿಳಿದ ಮಟ್ಟಿಗೆ ವಿಚಾರಿಸಿ, ಬಲ್ಲವರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

‘ಹಿಮ’ ಸಂಸ್ಕೃತದಿಂದ ಬಂದದ್ದು. ಅಮರಕೋಶವು ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ ಎಂಬ ಪದಗಳನ್ನು ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ಹೇಳುತ್ತದೆ. ಅಂದರೆ ಇಬ್ಬನಿ, ಕಾವಳ, ಉದುರುವ ಮಂಜು ಎಲ್ಲವೂ ಅಲ್ಲಿ ಒಂದೇ ಗುಂಪು. ಅದರ ಬೆನ್ನಿಗೇ ಹಿಮದ ರಾಶಿಗೆ ‘ಹಿಮಾನೀ’ ಎಂಬ ಬೇರೆ ಪದವನ್ನು ಕೊಟ್ಟಿರುವುದು ನನಗೆ ಮಹತ್ವದ್ದೆನಿಸುತ್ತದೆ. ಬಿಡಿಯಾಗಿ ಬೀಳುವುದು ಹಿಮ, ಒಟ್ಟುಗೂಡಿ ನಿಂತದ್ದು ಹಿಮಾನಿ ಎಂಬ ವ್ಯತ್ಯಾಸವನ್ನು ಹಿಂದಿನವರು ಕಂಡಿದ್ದರು. ಕನ್ನಡಕ್ಕೆ ಬರುವಾಗ ಆ ವ್ಯತ್ಯಾಸ ಮಸುಕಾಗಿ, ‘ಹಿಮ’ ಎಂಬುದೊಂದೇ ಎರಡೂ ಭಾರವನ್ನು ಹೊತ್ತುಕೊಂಡಿದೆ. ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಿಮಕರ, ಹಿಮಾಂಶು ಎಂದು ನಮ್ಮ ಕವಿಗಳು ಕರೆದದ್ದು ನಮ್ಮ ಒಣ ಚಂದ್ರನನ್ನು. ನಿಜವಾಗಿ ಹಿಮ ಹೊತ್ತ ಚಂದ್ರರು 1610ರಲ್ಲಿ ಗೆಲಿಲಿಯೊ ದೂರದರ್ಶಕವನ್ನು ಗುರುವಿನತ್ತ ತಿರುಗಿಸುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಪದಗಳಲ್ಲಿ ‘ಹಿಮ’ ಎಂದರೆ ವಸ್ತುವಲ್ಲ, ತಂಪು ಎಂಬ ಗುಣ. ಈ ಗುಣವಾಚಕ ಅರ್ಥವೇ ಮುಂದೆ ಹೇಳುವ ತೊಡಕಿಗೆ ಕಾರಣವಾಗುತ್ತದೆ.

‘ಮಂಜು’ ಇನ್ನೂ ಸಡಿಲವಾದ ಪದ. ಬೆಳಗಿನ ಹೊತ್ತು ದಾರಿ ಕಾಣದಂತೆ ಕವಿಯುವುದೂ ಮಂಜು, ಎತ್ತರದ ಶಿಖರದ ಮೇಲೆ ಬೆಳ್ಳಗೆ ಕೂತಿರುವುದೂ ಮಂಜು, ಕಣ್ಣು ಸರಿಯಾಗಿ ಕಾಣದಿದ್ದರೆ ದೃಷ್ಟಿಯೂ ಮಂಜು. ಶನಿಯ ಚಂದ್ರ ಟೈಟನ್ನಿನಲ್ಲಿ ಕಿತ್ತಳೆ ಬಣ್ಣದ ದಟ್ಟ ಮುಸುಕು ಇರುವುದರಿಂದ, ಆ ಮುಸುಕಿಗಾಗಿ ‘ಮಂಜು’ ಪದವನ್ನು ಉಳಿಸಿಕೊಂಡು, ಗಟ್ಟಿ ವಸ್ತುವಿಗೆ ಅದನ್ನು ಬಳಸದಿರುವುದೇ ಒಳ್ಳೆಯದು. ‘ಮಂಜುಗಡ್ಡೆ’ ಎಂದ ಕೂಡಲೇ ಗೊಂದಲ ಕಳೆಯುತ್ತದೆ. ನೀರು ಗಟ್ಟಿಯಾದದ್ದು ಎಂಬ ಒಂದೇ ಅರ್ಥವನ್ನು ಅದು ಕೊಡುತ್ತದೆ. ಆದರೆ ‘ಗಡ್ಡೆ’ ಎಂದಾಗ ಕೈಯಲ್ಲಿ ಹಿಡಿಯಬಹುದಾದ, ಎಲ್ಲೆಯುಳ್ಳ ಒಂದು ತುಂಡು ಮನಸ್ಸಿಗೆ ಬರುತ್ತದೆ. ಯುರೋಪಾದ ಹೊದಿಕೆ ಸುಮಾರು 3,100 ಕಿಲೋಮೀಟರ್ ವ್ಯಾಸದ ಇಡೀ ಗೋಲವನ್ನು ಸುತ್ತುವರಿದು ಕಿಲೋಮೀಟರುಗಟ್ಟಲೆ ದಪ್ಪವಾಗಿರುವುದರಿಂದ ಬರಿಯ ‘ಮಂಜುಗಡ್ಡೆ’ ಸಾಲದು. ‘ಮಂಜುಗಡ್ಡೆಯ ಚಿಪ್ಪು’ ಎಂದು ನಾನು ಬರೆದುಕೊಂಡಿದ್ದೇನೆ. ‘ಕವಚ’ಕ್ಕಿಂತ ‘ಚಿಪ್ಪು’ ಹಿತವೆನಿಸಲು ಕಾರಣ, ಚಿಪ್ಪಿನೊಳಗೆ ಮೃದುವಾದದ್ದು ಏನೋ ಇದೆ ಎಂಬ ಸೂಚನೆ ಆ ಪದದಲ್ಲೇ ಇದೆ. ಯುರೋಪಾದ ಒಳಗೆ ಉಪ್ಪುನೀರಿನ ಸಾಗರವಿದೆ ಎಂಬುದೇ ವಿಜ್ಞಾನಿಗಳಿಗೆ ಅದರಲ್ಲಿರುವ ಮುಖ್ಯ ಆಸಕ್ತಿ.

ಕನ್ನಡದ್ದೇ ಆದ ಇನ್ನೊಂದು ಪದ ‘ಆಲಿಕಲ್ಲು’. ಗಟ್ಟಿಯಾದ ನೀರನ್ನು ನಮ್ಮ ಜನ ಕಲ್ಲೆಂದೇ ಕರೆದರು ಎಂಬುದನ್ನು ನಾನು ಮೆಚ್ಚುಗೆಯಿಂದ ನೆನೆಯುತ್ತೇನೆ, ಏಕೆಂದರೆ ಹೊರಗ್ರಹಗಳ ಲೋಕದಲ್ಲಿ ಅದು ಉಪಮೆಯಾಗಿ ಉಳಿಯದೆ ಅಕ್ಷರಶಃ ನಿಜವಾಗುತ್ತದೆ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಟೈಟನ್ನಿನ ಮೇಲೆ ಇಳಿದು ಕಳಿಸಿದ ಚಿತ್ರದಲ್ಲಿ, ಹೊಳೆಯ ಪಾತ್ರದಲ್ಲಿ ಉರುಳಿ ಸವೆದಂತಹ ದುಂಡು ಕಲ್ಲುಗಳು ಕಾಣುತ್ತವೆ. ಅವು ಬಹುಮಟ್ಟಿಗೆ ನೀರಿನ ಮಂಜುಗಡ್ಡೆ ಎಂದು ತಿಳಿಯಲಾಗಿದೆ. ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಬಂಡೆಯಷ್ಟು ಗಟ್ಟಿ. ಅಲ್ಲಿ ಮಳೆಯಾಗಿ ಸುರಿದು, ತೊರೆಯಾಗಿ ಹರಿದು, ಕೆರೆಯಾಗಿ ನಿಲ್ಲುವುದು ಮಿಥೇನ್. ಇಂತಹ ಕಡೆ ‘ಹಿಮದ ತುಂಡುಗಳು’ ಎಂದು ಬರೆದರೆ ಮೆತ್ತನೆಯ, ಕರಗಿಹೋಗುವ ಏನನ್ನೋ ಓದುಗರು ಊಹಿಸುತ್ತಾರೆ. ‘ನೀರ್ಗಲ್ಲು’ ಎಂಬ ಪದವನ್ನು ಕೆಲವರು ಮಂಜುಗಡ್ಡೆಗೆ ಬದಲಾಗಿ ಬಳಸುತ್ತಾರೆ. ಬೇರೆಡೆ ಹೇಗೋ, ಟೈಟನ್ನಿನ ಮಟ್ಟಿಗೆ ಅದು ಅತ್ಯಂತ ಒಪ್ಪುವ ಪದವೆಂದು ನನ್ನ ಎಣಿಕೆ.

ಟ್ರೈಟನ್ನಿನ ಸಾರಜನಕದ ವಿಷಯ ಬೇಗ ಮುಗಿಯುತ್ತದೆ. ಸಾರಜನಕ ಮೈನಸ್ 210 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಟ್ರೈಟನ್ನಿನ ನೆಲ ಸುಮಾರು ಮೈನಸ್ 235 ಡಿಗ್ರಿ. ಇಲ್ಲಿ ‘ಮಂಜುಗಡ್ಡೆ’ ಎನ್ನುವಂತಿಲ್ಲ, ಏಕೆಂದರೆ ಆ ಪದ ನೀರಿಗೆ ಅಂಟಿಕೊಂಡಿದೆ. ‘ಹೆಪ್ಪುಗಟ್ಟಿದ ಸಾರಜನಕ’ ಎಂಬುದು ರೂಢಿಯಲ್ಲಿದೆ. ಹೆಪ್ಪು ಮೂಲದಲ್ಲಿ ಹಾಲನ್ನು ಮೊಸರಾಗಿಸುವಂಥದ್ದು, ಆಮೇಲೆ ರಕ್ತ ಗಟ್ಟಿಯಾಗುವುದಕ್ಕೂ ಅದೇ ಕ್ರಿಯಾಪದ ಬಂತು. ತಂಪಿನಿಂದ ಘನವಾಗುವುದಕ್ಕೆ ಅದು ವಿಸ್ತಾರಗೊಂಡಿರುವುದನ್ನು ನಾನು ಆಕ್ಷೇಪಿಸುವುದಿಲ್ಲ.

ಎನ್ಸೆಲಾಡಸ್ಸಿಗೆ ಸಂಬಂಧಿಸಿದ ‘ಹಿಮಜ್ವಾಲಾಮುಖಿ’ ಮಾತ್ರ ನನಗೆ ಸಹಿಸಲಾಗದ ಪದ. ಸುಮಾರು 500 ಕಿಲೋಮೀಟರ್ ವ್ಯಾಸದ ಈ ಪುಟ್ಟ ಚಂದ್ರನ ದಕ್ಷಿಣ ಧ್ರುವದ ಬಳಿ ನೀರಾವಿಯೂ ಮಂಜುಗಡ್ಡೆಯ ಕಣಗಳೂ ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಅಲ್ಲಿ ಜ್ವಾಲೆಯೂ ಇಲ್ಲ, ಬೆಟ್ಟವೂ ಇಲ್ಲ, ಇರುವುದು ಉದ್ದನೆಯ ಬಿರುಕುಗಳು. ‘ಜ್ವಾಲಾಮುಖಿ’ಗೆ ಬದಲಾಗಿ ‘ಅಗ್ನಿಪರ್ವತ’ ಎಂದರೂ ಬೆಂಕಿ ಹೋಗುವುದಿಲ್ಲ. ನಮ್ಮಲ್ಲಿ ‘ಚಿಲುಮೆ’, ‘ಬುಗ್ಗೆ’ ಎಂಬ ಚೆಲುವಾದ ಪದಗಳಿರುವಾಗ ಹಿಮವನ್ನೂ ಜ್ವಾಲೆಯನ್ನೂ ಬಲವಂತವಾಗಿ ಜೋಡಿಸುವ ಅಗತ್ಯವೇನು? ಗುರುವಿನ ಚಂದ್ರ ಅಯೋ ಕಾರುವುದು ನಿಜವಾದ ಶಿಲಾರಸ, ಅದಕ್ಕೆ ಜ್ವಾಲಾಮುಖಿ ಇರಲಿ. ಎನ್ಸೆಲಾಡಸ್ಸಿಗೆ ಚಿಲುಮೆ ಸಾಕು. ಆ ಚಿಲುಮೆಯಿಂದ ಮತ್ತೆ ಕೆಳಗೆ ಉದುರುವ ಕಣಗಳಿಗೆ ‘ಹಿಮ’ ಎಂಬ ಪದ ತನ್ನ ಹಳೆಯ ಅರ್ಥದಲ್ಲೇ ಸಲ್ಲುತ್ತದೆ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗುರು ಮತ್ತು ಶನಿಗಳನ್ನು ‘ಅನಿಲದೈತ್ಯ’ಗಳೆಂದೂ, ಯುರೇನಸ್ ಮತ್ತು ನೆಪ್ಚೂನ್‌ಗಳನ್ನು ‘ಹಿಮದೈತ್ಯ’ಗಳೆಂದೂ ಬರೆಯುವುದು ರೂಢಿಯಾಗಿದೆ. ಎರಡನೆಯ ಪದವನ್ನು ಓದಿದವರು ಆ ಗ್ರಹಗಳನ್ನು ಭಾರಿ ಮಂಜುಗಡ್ಡೆಯ ಉಂಡೆಗಳೆಂದು ತಿಳಿಯುತ್ತಾರೆ. ಸೂರ್ಯನಿಂದ ಬಹುದೂರವಿರುವ, ಮೋಡಗಳ ಮೇಲ್ಭಾಗದಲ್ಲಿ ಮೈನಸ್ 200 ಡಿಗ್ರಿಯ ಆಸುಪಾಸಿನಲ್ಲಿರುವ ಗ್ರಹಗಳಿಗೆ ‘ಹಿಮ’ದ ಗುಣವಾಚಕ ಅರ್ಥ ಒಪ್ಪುವಂತೆ ಕಾಣುವುದರಿಂದ ಈ ತಪ್ಪು ಗ್ರಹಿಕೆ ಇನ್ನಷ್ಟು ಬಲವಾಗುತ್ತದೆ. ವಾಸ್ತವದಲ್ಲಿ ಅವುಗಳ ಒಡಲು ಕಡುಬಿಸಿ. ಗ್ರಹವಿಜ್ಞಾನಿಗಳು ನೀರು, ಅಮೋನಿಯ, ಮಿಥೇನ್ ಮುಂತಾದ ಸಂಯುಕ್ತಗಳನ್ನು ಅವು ಯಾವ ಸ್ಥಿತಿಯಲ್ಲಿದ್ದರೂ ಒಟ್ಟಾಗಿ ‘ಐಸ್’ ಎಂದು ಕರೆಯುತ್ತಾರೆ. ಗ್ರಹಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಸೂರ್ಯನಿಂದ ದೂರದ ಆ ತಂಪಿನಲ್ಲಿ, ಈ ಸಂಯುಕ್ತಗಳು ಗಟ್ಟಿ ಕಣಗಳಾಗಿ ಗ್ರಹದೊಳಗೆ ಸೇರಿದವು ಎಂಬ ತಿಳಿವಳಿಕೆಯಿಂದ ಆ ಹೆಸರು ಬಂದಿದೆ. ಇಂದು ಅವು ಊಹೆಗೂ ಮೀರಿದ ಒತ್ತಡದಲ್ಲಿರುವ ಬಿಸಿ ದ್ರವ. ಹೀಗಾಗಿ ಆ ಹೆಸರು ಹೇಳುವುದು ಗ್ರಹದ ಹುಟ್ಟನ್ನೇ ಹೊರತು ಅದರ ಇಂದಿನ ಸ್ಥಿತಿಯನ್ನಲ್ಲ.

ಇಂಗ್ಲಿಷಿನಲ್ಲಿಯೂ ಈ ಗೊಂದಲವಿದೆ, ಆದರೆ ಅದನ್ನು ಹಾಗೆಯೇ ಹೊತ್ತು ತರಬೇಕಾದ ಹಂಗು ನಮಗಿಲ್ಲ. ನಮ್ಮ ಸಮಾಸಗಳಲ್ಲಿ ಹುಟ್ಟನ್ನೂ ಇರವನ್ನೂ ಬೇರ್ಪಡಿಸಿ ಹೇಳುವ ಅನುಕೂಲವಿದೆ. ಪಂಕಜ ಕೆಸರಿನಲ್ಲಿ ಹುಟ್ಟಿದ್ದು, ಅದನ್ನು ಕೆಸರೆಂದು ಯಾರೂ ತಿಳಿಯುವುದಿಲ್ಲ. ಅದೇ ಜಾಡಿನಲ್ಲಿ ‘ಹಿಮಜ’ ಎನ್ನೋಣವೆಂದರೆ, ಹಿಮವಂತನ ಮಗಳಾದ ಪಾರ್ವತಿಗೆ ‘ಹಿಮಜೆ’ ಎಂಬ ಹೆಸರು ಈಗಾಗಲೇ ಇದೆ. ಆದ್ದರಿಂದ ‘ಹಿಮಜನ್ಯ’ ಎಂಬುದನ್ನು ಮುಂದಿಡುತ್ತಿದ್ದೇನೆ. ‘ಹಿಮಜನ್ಯ ದೈತ್ಯ’ ಎಂದಾಗ ಹಿಮದಿಂದ ಹುಟ್ಟಿದ್ದು ಎಂಬಷ್ಟೇ ಅರ್ಥ ಬರುತ್ತದೆ, ಈಗ ಅದು ಬಿಸಿಯಾಗಿರುವುದಕ್ಕೆ ಯಾವ ವಿರೋಧವೂ ಇಲ್ಲ.

ಈ ದಾರಿ ಹಿಡಿದರೆ ಚಂದ್ರರ ವರ್ಣನೆಗೂ ಖಚಿತತೆ ಬರುತ್ತದೆ. ‘ಹಿಮಚಂದ್ರ’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಯುರೋಪಾದ ಸಾಂದ್ರತೆ ನೀರಿನ ಸುಮಾರು ಮೂರರಷ್ಟು, ಅಂದರೆ ಅದರ ಬಹುಭಾಗ ಬಂಡೆ. ಅದು ಹಿಮಾವೃತ, ಹಿಮದಿಂದ ಮುಚ್ಚಿರುವಂಥದ್ದು. ಶನಿಯ ಚಂದ್ರ ಟೆಥಿಸ್ಸಿನ ಸಾಂದ್ರತೆ ನೀರಿಗಿಂತಲೂ ತುಸು ಕಡಿಮೆ, ಹಾಗಾಗಿ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಮಂಜುಗಡ್ಡೆಯೇ. ಅದನ್ನು ಹಿಮಮಯವೆಂದರೆ ಸಲ್ಲುತ್ತದೆ. ಹಿಮಾವೃತ, ಹಿಮಮಯ, ಹಿಮಜನ್ಯ ಎಂದು ಹೇಳುವಾಗ ‘ಹಿಮ’ವನ್ನು ನೀರು ಮೊದಲಾದವುಗಳ ಗಟ್ಟಿರೂಪಕ್ಕೆ ಸಾಮಾನ್ಯ ಪದವಾಗಿ ಇಟ್ಟುಕೊಂಡು, ವ್ಯತ್ಯಾಸವನ್ನು ಹೇಳುವ ಕೆಲಸವನ್ನು ಅದರ ಮುಂದೆ ಬರುವ ಪದಕ್ಕೆ ಒಪ್ಪಿಸಿದಂತಾಗುತ್ತದೆ. ಪಾರಿಭಾಷಿಕವಾಗಿ ಹೀಗೆ ಪದದ ಅರ್ಥವನ್ನು ಹಿಗ್ಗಿಸುವುದು ಹೊಸದೇನೂ ಅಲ್ಲ. ಕಾವಳವೆಂಬ ಅರ್ಥದ ‘ನೀಹಾರ’ದಿಂದಲೇ ಆಕಾಶದ ಅನಿಲ-ಧೂಳಿನ ಮೋಡಗಳಿಗೆ ‘ನೀಹಾರಿಕೆ’ ಎಂಬ ಹೆಸರು ಬಂದು, ಇಂದು ಯಾರಿಗೂ ತೊಡಕಾಗದಂತೆ ಬಳಕೆಯಲ್ಲಿದೆ.

ನನಗೆ ಉತ್ತರ ಬೇಕಾಗಿರುವುದು ಎರಡು ವಿಷಯಗಳಿಗೆ. ಮೊದಲನೆಯದು, ‘ಹಿಮದೈತ್ಯ’ ಈಗಾಗಲೇ ಬಳಕೆಗೆ ಬಂದಿರುವಾಗ ಅದನ್ನು ಕೈಬಿಡುವುದು ಯುಕ್ತವೇ, ಅಥವಾ ಅದನ್ನೇ ಉಳಿಸಿಕೊಂಡು ಪ್ರತಿ ಬಾರಿಯೂ ವಿವರಣೆ ಸೇರಿಸುವುದು ಮೇಲೇ? ಎರಡನೆಯದು, ‘ಹಿಮಜನ್ಯ’ಕ್ಕೆ ಸಮನಾದ, ಆಡುಮಾತಿಗೆ ಇನ್ನೂ ಹತ್ತಿರವಾದ ಕನ್ನಡ ಪದವನ್ನು ಯಾರಾದರೂ ಹೊಳೆಯಿಸಿಕೊಡಬಲ್ಲರೇ? ಲೇಖನದಲ್ಲಿ ಸದ್ಯಕ್ಕೆ ನಾನು ಬರೆದಿರುವ ವಾಕ್ಯ ಹೀಗಿದೆ: “ನೆಪ್ಚೂನ್ ಒಂದು ಹಿಮಜನ್ಯ ದೈತ್ಯ, ಅದರ ಒಡಲು ಕುದಿಯುತ್ತಿದೆ, ಆದರೆ ಅದನ್ನು ಸುತ್ತುತ್ತಿರುವ ಟ್ರೈಟನ್ ಹೆಪ್ಪುಗಟ್ಟಿದ ಸಾರಜನಕವನ್ನು ಹೊದ್ದಿದೆ.” ವಿಜ್ಞಾನದ ಪರಿಚಯವಿಲ್ಲದ ಓದುಗರಿಗೆ ಈ ವಾಕ್ಯ ಒಂದೇ ಓದಿಗೆ ತಿಳಿಯುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.